ಸೌರ ಪಂಪ್‌ಸೆಟ್: ಸಂಕೇತ ಓದದೆ ರೀಸೆಟ್ ಒತ್ತಬೇಡಿ

ಕುಸುಮ್ ಯೋಜನೆ 2019ರಲ್ಲಿ ಆರಂಭವಾದ ಮೇಲೆ ಅನೇಕ ಹೊಲಗಳಲ್ಲಿ ಹಳೆಯ ಸ್ಟಾರ್ಟರಿನ ಜಾಗಕ್ಕೆ ಡ್ರೈವ್ ಎಂಬ ಪೆಟ್ಟಿಗೆ ಬಂದಿದೆ. ಸೌರ ಫಲಕದ ಡಿ.ಸಿ. ವಿದ್ಯುತ್ತನ್ನು ಮೂರು ಫೇಸಿನ ಎ.ಸಿ.ಗೆ ಬದಲಾಯಿಸಿ, ಬಿಸಿಲಿಗೆ ತಕ್ಕಂತೆ ಮೋಟರಿನ ವೇಗವನ್ನು ಏರಿಳಿಸುವುದು ಇದರ ಕೆಲಸ. ತೊಂದರೆ ಕಂಡರೆ ಪಂಪನ್ನು ನಿಲ್ಲಿಸಿ, ಒಂದು ಅಕ್ಷರವನ್ನೋ ಅಂಕಿಯನ್ನೋ ತೋರಿಸುತ್ತದೆ. ಹೆಚ್ಚಿನ ರೈತರು ಅದನ್ನು ನೋಡದೆ ರೀಸೆಟ್ ಗುಂಡಿ ಒತ್ತುತ್ತಾರೆ. ಮತ್ತೆ ನಿಂತರೆ ಮತ್ತೆ ಒತ್ತುತ್ತಾರೆ. ಕೊಳವೆ ಬಾವಿಯ ಆಳದಲ್ಲಿರುವ ಎಷ್ಟೋ ಮೋಟರುಗಳು ಸುಡುವುದು ಹೀಗೆ.

ಮೊದಲು ಸಂಕೇತವನ್ನು ಬರೆದುಕೊಳ್ಳಿ. ಚಾಲೂ ಮಾಡಿದ ಕೂಡಲೇ ಬಂತೋ, ಎರಡು ತಾಸು ನೀರೆತ್ತಿದ ಮೇಲೆ ಬಂತೋ ಎಂಬುದನ್ನೂ ಗುರುತು ಹಾಕಿ. ಸಂಕೇತಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ನೆರೆಯವರ ಪೆಟ್ಟಿಗೆಯ ಅರ್ಥ ನಿಮ್ಮದಕ್ಕೆ ಹೊಂದದು. ಕೈಪಿಡಿಯಲ್ಲಿನ ಆ ಪಟ್ಟಿಯನ್ನು ಪಂಪ್ ಮನೆಯ ಗೋಡೆಗೆ ಅಂಟಿಸಿಡುವುದು ಲೇಸು.

ಬೇಸಿಗೆಯಲ್ಲಿ ಹೆಚ್ಚಾಗಿ ಕಾಣುವುದು 'ಡ್ರೈ ರನ್', ಅಂದರೆ ನೀರಿಲ್ಲದೆ ಓಡುವುದು. ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡುವುದೇ ಅದರ ಸುತ್ತ ಹರಿಯುವ ನೀರು. ಬೆಳಿಗ್ಗೆ ಸರಿಯಾಗಿ ಓಡಿ ಮಧ್ಯಾಹ್ನ ಈ ಸಂಕೇತ ಬಂದರೆ ಬಾವಿಯ ನೀರು ಇಳಿದಿದೆಯೆಂದೇ ಹೆಚ್ಚು ಸಂಭವ, ದೋಷ ಪೆಟ್ಟಿಗೆಯದಲ್ಲ. ತಂತ್ರಜ್ಞರಿಂದ ಗರಿಷ್ಠ ವೇಗವನ್ನು 50 ಹರ್ಟ್ಸ್‌ನಿಂದ 45ರ ಸುಮಾರಿಗೆ ಇಳಿಸಿ ನೋಡಬಹುದು. ನೀರು ಕಡಿಮೆ ಬಂದರೂ ಬಾವಿ ಊರಲು ಅವಕಾಶ ಸಿಗುತ್ತದೆ. ತೀರಾ ಇಳಿಸಿದರೆ ಮಾತ್ರ ನೀರು ಮೇಲಕ್ಕೇ ಬಾರದು.

ಚಾಲೂ ಮಾಡಿದೊಡನೆ 'ಓವರ್ ಕರೆಂಟ್' ಬಂದರೆ ಮರಳು ಸೇರಿ ಪಂಪು ಬಿಗಿದಿರಬಹುದು, ಅಥವಾ ವೈಂಡಿಂಗ್ ಕೆಟ್ಟಿರಬಹುದು. 'ಅರ್ಥ್ ಫಾಲ್ಟ್' ಬಂದರೆ ಬಾವಿಯೊಳಗಿನ ಕೇಬಲ್ ಜೋಡಣೆಗೆ ನೀರು ಸೇರಿರುವ ಅನುಮಾನ. ಮೆಗ್ಗರ್ ಹಚ್ಚುವ ಮುನ್ನ ಮೋಟರಿನ ಕೇಬಲನ್ನು ಡ್ರೈವಿನಿಂದ ಬಿಡಿಸಲೇಬೇಕು; ಇಲ್ಲವಾದರೆ ಒಳ್ಳೆಯ ಡ್ರೈವೂ ಹಾಳಾದೀತು. ಮೋಡವಿದ್ದಾಗ, ಫಲಕದ ಮೇಲೆ ಧೂಳು ಕೂತಾಗ ವೋಲ್ಟೇಜ್ ಕಡಿಮೆಯೆಂದು ತೋರಿಸುವುದುಂಟು. ಅದಕ್ಕೆ ಒದ್ದೆ ಬಟ್ಟೆಯೇ ಸಾಕಾಗಬಹುದು. ಶಾಖದ ಸಂಕೇತ ಬಂದರೆ ಫ್ಯಾನಿನ ಕಿಂಡಿಯಲ್ಲಿ ಕಣಜದ ಗೂಡಿದೆಯೇ ಎಂದು ಹೊರಗಿನಿಂದಲೇ ನೋಡಿ.

ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ನೀವಾಗಿ ತೆರೆಯಬೇಡಿ. ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಹಲವು ನಿಮಿಷ ಉಳಿದಿರುತ್ತದೆ. ಬಿಸಿಲಿರುವ ತನಕ ಫಲಕದ ತಂತಿಯೂ ಜೀವಂತವೇ. ಕುಸುಮ್ ಪಂಪುಗಳಿಗೆ ಅಳವಡಿಸಿದ ದಿನದಿಂದ 5 ವರ್ಷ ಸರಬರಾಜುದಾರರೇ ನಿರ್ವಹಣೆ ಮಾಡತಕ್ಕದ್ದು. ಅವರಿಗೆ ಫೋನು ಮಾಡುವಾಗ 'ಪಂಪು ನಿಂತಿದೆ' ಎನ್ನದೆ, ಬರೆದಿಟ್ಟ ಸಂಕೇತವನ್ನೂ ವೇಳೆಯನ್ನೂ ಓದಿ ಹೇಳಿ.