ಕೊಟ್ಟಿಗೆಯ ದೀಪ, ಮನೆಯ ಬಿಲ್ಲು



ಕಳೆದ ಬೇಸಿಗೆಯಲ್ಲಿ ಬಬಲೇಶ್ವರದ ಹತ್ತಿರದ ಒಂದು ಸಂಘಕ್ಕೆ ಲಸಿಕೆ ಹಾಕಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಒಬ್ಬ ತಾಯಿ ಹಾಲಿನ ಪಾಸ್‌ಬುಕ್‌ನೊಳಗೆ ಮಡಚಿಟ್ಟಿದ್ದ ಕರೆಂಟ್ ಬಿಲ್ ತೆಗೆದು ತೋರಿಸಿದರು. "ಡಾಕ್ಟರೇ, ಮೊದಲು ಸೊನ್ನೆ ಬರ್ತಿತ್ತು. ಈಗ ನಾಲ್ಕುನೂರರ ಮ್ಯಾಲೆ ಬಂದೈತಿ. ಮೀಟರ್ ಕೆಟ್ಟೈತೇನು?" ಎಂದು ಕೇಳಿದರು.

ಅವರ ಕೊಟ್ಟಿಗೆಗೆ ಹೋಗಿ ನೋಡಿದೆವು. ಮೀಟರ್ ಕೆಟ್ಟಿರಲಿಲ್ಲ. ಆ ಮನೆಯ ಲೆಕ್ಕ ನಿಮ್ಮಲ್ಲೂ ಅನೇಕರ ಮನೆಯ ಲೆಕ್ಕವಾಗಿರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಉಚಿತ ಎಂದರೆ ಎಷ್ಟು?

ಗೃಹಜ್ಯೋತಿ ಯೋಜನೆಯಲ್ಲಿ 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಬರುತ್ತಿದೆ. "200 ಯೂನಿಟ್ ಉಚಿತ" ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಎಲ್ಲ ಮನೆಗೂ 200 ಇಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ 10 ಸೇರಿಸಿ ನಿಮ್ಮ ಮಿತಿ ನಿಗದಿಯಾಗಿದೆ. ಸರಾಸರಿ ತೀರಾ ಕಡಿಮೆ ಇದ್ದ ಮನೆಗಳಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಕೊಡಲಾಯಿತು. ಮಿತಿ ದಾಟಿದರೆ ಹೆಚ್ಚಾದ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ, 201ನೇ ಯೂನಿಟ್ ಉರಿದ ತಿಂಗಳು 1,200 ರೂಪಾಯಿ ದಾಟುತ್ತದೆ. ನಿಗದಿತ ಶುಲ್ಕ, ತೆರಿಗೆ ಬೇರೆ.

ಆ ತಾಯಿಯ ಮಿತಿ 70 ಯೂನಿಟ್. ಬಳಸಿದ್ದು 140. ಮಿತಿ ನಿಗದಿಯಾದ ವರ್ಷ ಅವರಲ್ಲಿ ಒಂದೇ ಎಮ್ಮೆ ಇತ್ತು. ಆಮೇಲೆ ಸಾಲ ಮಾಡಿ ಎರಡು ಮಿಶ್ರತಳಿ ಆಕಳು ತಂದರು. ಆಕಳ ಹಿಂದೆ ಮೇವು ಕತ್ತರಿಸುವ ಯಂತ್ರ, ನೀರು ಕಾಯಿಸುವ ರಾಡು, ಕೊಟ್ಟಿಗೆಗೊಂದು ಬಲ್ಬು ಬಂದವು.

ಎಪ್ಪತ್ತು ಯೂನಿಟ್ ಎಲ್ಲಿ ಹೋಯಿತು?

1,000 ವ್ಯಾಟ್‌ನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ಇದೊಂದು ನೆನಪಿದ್ದರೆ ಸಾಕು, ಲೆಕ್ಕ ನೀವೇ ಮಾಡಬಹುದು.

ಕೊಟ್ಟಿಗೆಯಲ್ಲಿ 60 ವ್ಯಾಟ್‌ನ ಹಳೆಯ ಬಲ್ಬು ರಾತ್ರಿ 10 ತಾಸು ಉರಿಯುತ್ತಿತ್ತು: ತಿಂಗಳಿಗೆ 18 ಯೂನಿಟ್. 1,500 ವ್ಯಾಟ್‌ನ ರಾಡು ದಿನಕ್ಕೆ 40 ನಿಮಿಷ: 30 ಯೂನಿಟ್. 2 ಎಚ್‌ಪಿ ಮೇವಿನ ಯಂತ್ರ ದಿನಕ್ಕೆ ಅರ್ಧ ತಾಸು: ಸುಮಾರು 22 ಯೂನಿಟ್. ಕೂಡಿಸಿ ನೋಡಿ, 70 ಆಯಿತು.

ಇವುಗಳಲ್ಲಿ ಮೊದಲು ರಾಡಿನ ಮಾತು. ಅವರು ಅದನ್ನು ಹಿಂಡಿ ನೆನೆಸುವ ನೀರು ಕಾಯಿಸಲು ಬಳಸುತ್ತಿದ್ದರು. ಬಿಸಿ ಹಿಂಡಿ ತಿಂದರೆ ಹಾಲು ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದರಂತೆ. ಸಹೋದರಿಯರೇ, ಆಕಳ ಹೊಟ್ಟೆಯೇ ಒಂದು ಒಲೆ. ಅದರ ಮೊದಲ ಚೀಲದಲ್ಲಿ ಸದಾ 39 ಡಿಗ್ರಿ ಬಿಸಿ ಇರುತ್ತದೆ. ಹಿಂಡಿಯನ್ನು ಕುದಿಸುವುದೂ ಬೇಡ, ಬಿಸಿನೀರೂ ಬೇಡ. ತಣ್ಣೀರಲ್ಲಿ ನೆನೆಸಿದರೆ ಸಾಕು. ಹಾಲು ಹೆಚ್ಚಬೇಕಾದರೆ ದಿನವಿಡೀ ಗೋದಲಿಯ ಹತ್ತಿರ ಕುಡಿಯುವ ನೀರು ಇರಲಿ. ಒಂದು ಲೀಟರ್ ಹಾಲು ಕೊಡಲು ಆಕಳಿಗೆ ಸುಮಾರು 4 ಲೀಟರ್ ನೀರು ಬೇಕು.

ಹಾಲಿನ ಕ್ಯಾನು ತೊಳೆಯಲು ಮಾತ್ರ ಬಿಸಿನೀರು ಬೇಕೇ ಬೇಕು, ಇಲ್ಲದಿದ್ದರೆ ಜಿಡ್ಡು ಹೋಗುವುದಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಕಪ್ಪು ಬಣ್ಣ ಬಳಿದ ಕೊಡ ಮುಚ್ಚಿ ಬಿಸಿಲಿಗಿಟ್ಟರೆ ಸಂಜೆಯ ನೀರು ಅರ್ಧ ಕಾದಿರುತ್ತದೆ. ಉಳಿದದ್ದನ್ನು ಒಲೆಯ ಮೇಲೆ ಕಾಯಿಸಿ.

ಬಲ್ಬಿನ ಬದಲು 9 ವ್ಯಾಟ್‌ನ ಎಲ್‌ಇಡಿ ಹಾಕಿ. ಹಾವು ಹುಳದ ಭಯಕ್ಕೆ ರಾತ್ರಿಯಿಡೀ ಉರಿಸಿದರೂ ತಿಂಗಳಿಗೆ 3 ಯೂನಿಟ್ ಆಗುವುದಿಲ್ಲ.

ಮೇವಿನ ಯಂತ್ರದ ಅಲಗು ಮೊಂಡಾದರೆ ಮೋಟಾರು ಹೆಚ್ಚು ಎಳೆಯುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಅಲಗು ಹರಿತವಾಗಿರಲಿ, ಬೆಲ್ಟು ಸಡಿಲ ಇರದಿರಲಿ. ಒಣ ಕಣಕಿಯನ್ನು ಎರಡು ಮೂರು ದಿನಕ್ಕಾಗುವಷ್ಟು ಒಮ್ಮೆಲೇ ಕತ್ತರಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಕಟ್ಟಿ, ಆಮೇಲೆ ಸ್ವಿಚ್ ಹಾಕಿ.

ಇಷ್ಟು ಮಾಡಿದ ಮೇಲೆ ಆ ಮನೆಯ ಹೆಚ್ಚುವರಿ ಬಿಲ್ 420ರಿಂದ ನೂರರ ಆಸುಪಾಸಿಗೆ ಇಳಿಯಿತು.

ಮನೆಯೊಳಗೆ

ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಎಂಬ ಹೊಸ ನಮೂನೆಯ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 10 ತಾಸು ತಿರುಗಿದರೆ ಒಂದೇ ಫ್ಯಾನಿನಲ್ಲಿ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಫ್ರಿಜ್ ಕೊಳ್ಳುವಾಗ ನಕ್ಷತ್ರದ ಚೀಟಿ ನೋಡಿ. ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅದರ ಮೇಲೆಯೇ ಬರೆದಿರುತ್ತದೆ. ಫ್ರಿಜ್ಜನ್ನು ಗೋಡೆಗೆ ಅಂಟಿಸಿ, ಒಲೆಯ ಪಕ್ಕ ಇಡಬೇಡಿ. ಸಂಜೆ ಹಿಂಡಿದ ಹಾಲನ್ನು ಕ್ಯಾನಿನೊಂದಿಗೆ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸಂಘಕ್ಕೆ ತರುವ ರೂಢಿ ಬಿಡಿ. ಅಷ್ಟು ಬಿಸಿ ಹಾಲನ್ನು ಮನೆಯ ಫ್ರಿಜ್ ಬೇಗ ತಂಪು ಮಾಡಲಾರದು. ಕರೆಂಟೂ ಹೋಗುತ್ತದೆ, ಹಾಲೂ ಹುಳಿಯಾಗುತ್ತದೆ. ಹಿಂಡಿದ ಕೂಡಲೇ ಸಂಘಕ್ಕೆ ಕೊಡಿ, 4 ಡಿಗ್ರಿಗೆ ಇಳಿಸುವ ಕೆಲಸ ಶೀತಲೀಕರಣ ಘಟಕದ್ದು.

ಇಲ್ಲಿ ಉಳಿಸಬೇಡಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಲ್ಲಿಗೆ ಹೆದರಿ ಮಧ್ಯಾಹ್ನ ಕೊಟ್ಟಿಗೆಯ ಫ್ಯಾನು ಆರಿಸಬೇಡಿ. 60 ವ್ಯಾಟ್‌ನ ಫ್ಯಾನು 6 ತಾಸು ತಿರುಗಿದರೆ ಅರ್ಧ ಯೂನಿಟ್ ಕೂಡ ಅಲ್ಲ, ಮೂರು ರೂಪಾಯಿಯ ಒಳಗೆ. ಬಿಸಿಲಿಗೆ ಬಳಲಿದ ಮಿಶ್ರತಳಿ ಆಕಳು ಅರ್ಧ ಲೀಟರ್ ಕಡಿಮೆ ಕೊಟ್ಟರೂ ನಷ್ಟ ಅದರ ಎಷ್ಟೋ ಪಟ್ಟು. ಬೆದೆಗೆ ಬರುವುದೂ ತಪ್ಪುತ್ತದೆ. ಅದರ ಜೊತೆಗೆ ತಗಡಿನ ಮೇಲೆ ಸುಣ್ಣ ಬಳಿಯಿರಿ, ಕಬ್ಬಿನ ರವದಿ ಹರಡಿ, ಎಮ್ಮೆಗಳಿಗೆ ಎರಡು ಮೂರು ಸಲ ಮೈಮೇಲೆ ನೀರು ಸುರಿಯಿರಿ.

ಅರ್ಥಿಂಗ್‌ನಲ್ಲೂ ಉಳಿತಾಯ ನೋಡಬೇಡಿ. ಆಕಳು ಬರಿಗಾಲಲ್ಲಿ, ಹಸಿ ನೆಲದ ಮೇಲೆ, ನಾಲ್ಕು ಕಾಲೂರಿ ನಿಂತಿರುತ್ತದೆ. ನಮಗೆ ಜುಮ್ ಎನ್ನುವಷ್ಟು ಕರೆಂಟ್ ಅದನ್ನು ನೆಲಕ್ಕೆ ಬೀಳಿಸಬಹುದು. ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿದರೆ, ಕಬ್ಬಿಣದ ಕಂಬ ತಾಗಿದಾಗ ಬೆದರಿದರೆ, ಹಿಂಡುವಾಗ ಸುಮ್ಮನೆ ಒದೆಯತೊಡಗಿದರೆ ನನ್ನನ್ನು ಕರೆಯುವ ಮೊದಲು ವೈರಿಂಗ್‌ನವರನ್ನು ಕರೆಯಿರಿ. ಕರೆಂಟ್ ಸೋರುತ್ತಿದ್ದರೆ ತಕ್ಷಣ ಕಡಿತಗೊಳಿಸುವ 30 ಮಿಲಿ ಆಂಪಿಯರ್‌ನ ಸಾಧನವನ್ನು ಕೊಟ್ಟಿಗೆಯ ಲೈನಿಗೆ ಹಾಕಿಸಿ. ದನ ಬಿದ್ದರೆ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ. ದನವನ್ನು ಉಳಿಸಲು ಹೋಗಿ ನೀವು ಅಪಾಯಕ್ಕೆ ಸಿಗಬಾರದು. ರಾಡು ಹಾಕಿದ ಬಕೆಟ್ಟನ್ನು ದನ, ಮಕ್ಕಳಿಂದ ದೂರ ಇಡಿ. ನೀರು ಬಿಸಿಯಾಯಿತೇ ಎಂದು ಸ್ವಿಚ್ ಆರಿಸದೆ ಕೈ ಅದ್ದಬೇಡಿ.

ಭಾನುವಾರದ ಒಂದು ಕೆಲಸ

ಪ್ರತಿ ಭಾನುವಾರ ಮೀಟರಿನ ಅಂಕಿ ನೋಡಿ ಹಾಲಿನ ಪಾಸ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆಯಿರಿ. ನಿಮ್ಮ ಮಿತಿ ಬಿಲ್ಲಿನಲ್ಲಿದೆ. ಅದನ್ನು ನಾಲ್ಕಾಗಿ ಭಾಗಿಸಿ, ವಾರದ ಪಾಲು ಸಿಗುತ್ತದೆ. ದಾಟುತ್ತಿದ್ದರೆ ತಿಂಗಳು ಮುಗಿಯುವ ಮೊದಲೇ ಗೊತ್ತಾಗುತ್ತದೆ. ಅಂಕಿ ನಿಜವಾಗಿಯೂ ಹೊಂದದಿದ್ದರೆ ಹೆಸ್ಕಾಂನ 1912ಕ್ಕೆ ಕರೆ ಮಾಡಿ.

ಆ ತಾಯಿ ಈಗ ಹಾಗೆ ಬರೆದಿಡುತ್ತಾರೆ. ಮೊನ್ನೆ ಹೋದಾಗ ಬಿಲ್ ತೋರಿಸಲಿಲ್ಲ, ಗಬ್ಬವಾದ ಆಕಳನ್ನು ತೋರಿಸಿದರು.