ಕಾರಿನ ಹೊಗೆ ಸೋಸುವ ಭಾಗವನ್ನು ತೆಗೆಸುವ ಮುನ್ನ

ಹಳೆಯ ಕಾರನ್ನು ಗ್ಯಾರೇಜಿಗೆ ಒಯ್ದಾಗ ಕೆಲವು ಮೆಕ್ಯಾನಿಕ್‌ಗಳು ಒಂದು ಸಲಹೆ ಕೊಡುತ್ತಾರೆ: "ಕ್ಯಾಟಲಿಟಿಕ್ ಕನ್ವರ್ಟರ್ ಬ್ಲಾಕ್ ಆಗಿದೆ, ಹೊಸದು ದುಬಾರಿ. ತೆಗೆದು ನೇರ ಪೈಪ್ ಹಾಕಿಬಿಡೋಣ, ಪಿಕಪ್ಪೂ ಚೆನ್ನಾಗಿರುತ್ತೆ." ಡೀಸೆಲ್ ಕಾರಾದರೆ ಇಜಿಆರ್ ವಾಲ್ವ್ ಮುಚ್ಚುವ, ಡಿಪಿಎಫ್ ಎಂಬ ಫಿಲ್ಟರನ್ನು ಖಾಲಿ ಮಾಡುವ ಮಾತು ಬರುತ್ತದೆ. ಆ ಭಾಗಗಳಿಲ್ಲದೆಯೂ ಕಾರು ಓಡುತ್ತದೆ, ನಿಜ. ಏಕೆಂದರೆ ಅವು ಇರುವುದು ಇಂಜಿನ್‌ಗಾಗಿ ಅಲ್ಲ, ಉಸಿರಾಡುವವರಿಗಾಗಿ. ಗ್ಯಾರೇಜಿನ ವಿಷಯವನ್ನು ಆರೋಗ್ಯದ ಪುಟದಲ್ಲಿ ಬರೆಯುತ್ತಿರುವುದು ಅದಕ್ಕೇ.

ಕನ್ವರ್ಟರ್ ಎಂದರೆ ಸೈಲೆನ್ಸರ್‌ಗಿಂತ ಮೊದಲು ಸಿಗುವ, ಒಳಗೆ ಜೇನುಗೂಡಿನಂತಿರುವ ಡಬ್ಬಿ. ಅದರ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪವಿದೆ. ಬಿಸಿ ಹೊಗೆ ಅದರೊಳಗೆ ಹಾದಾಗ ವಿಷಾನಿಲಗಳ ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕವಾಗಿ ಬದಲಾಗುತ್ತದೆ. ಇಜಿಆರ್ ಸ್ವಲ್ಪ ಹೊಗೆಯನ್ನು ಮರಳಿ ಇಂಜಿನ್‌ಗೆ ಕಳಿಸಿ ಉರಿಯ ತಾಪ ಇಳಿಸುತ್ತದೆ. ಇದರಿಂದ ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಹುಟ್ಟುತ್ತವೆ. ಡಿಪಿಎಫ್ ಮಸಿಯನ್ನು ಹಿಡಿದಿಟ್ಟು, ಆಮೇಲೆ ಸುಟ್ಟುಹಾಕುತ್ತದೆ.

ಇವುಗಳಲ್ಲಿ ನಾನು ಹೆಚ್ಚು ಹೆದರುವುದು ಕಾರ್ಬನ್ ಮೊನಾಕ್ಸೈಡ್‌ಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕನ್ವರ್ಟರ್ ಕತ್ತರಿಸಿ ವೆಲ್ಡಿಂಗ್ ಮಾಡಿದ ಪೈಪಿನ ಜೋಡಣೆ ಸೋರಿದರೆ ಈ ಅನಿಲ ಕಾರಿನ ಅಡಿಯಿಂದಲೇ ಒಳಗೆ ಬರಬಹುದು. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗ ನಾವು ಪಿತ್ತ, ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಯುತ್ತೇವೆ. ಕಾರಿನಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಇಳಿದ ಮೇಲೆ ಕಡಿಮೆಯಾದರೆ ಹೊಗೆಯನ್ನೇ ಶಂಕಿಸಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ, ಅಂಕಿ ಸರಿಯಾಗಿಯೇ ತೋರಿಸುತ್ತದೆ. ಇಂಜಿನ್ ಆರಿಸಿ, ಎಲ್ಲರನ್ನೂ ಬಯಲಿಗೆ ಕರೆತಂದು, ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಬೇಕು. ಯೂನಾನಿಯ ಯಾವ ಖಮೀರಾ, ಯಾವ ಜೋಶಾಂದವೂ ಆ ಕೆಲಸ ಮಾಡದು.

ಡೀಸೆಲ್ ಮಸಿಯದು ನಿಧಾನದ ಹಾನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆಸ್ತಮಾ ಇರುವವರಿಗೆ ನೈಟ್ರೋಜನ್ ಆಕ್ಸೈಡ್‌ಗಳೇ ಸಾಕು. ಶಾಲೆಯ, ಮದ್ರಸದ ಗೇಟಿನ ಮುಂದೆ ಇಂಜಿನ್ ಆರಿಸದೆ ನಿಂತ ಕಾರಿನ ಪೈಪು ಚಿಕ್ಕ ಮಕ್ಕಳ ಮುಖದಿಂದ ಎಷ್ಟು ದೂರ? ದಾರಿಯಲ್ಲಿ ಜನರಿಗೆ ತೊಂದರೆಯಾಗುವ ವಸ್ತುವನ್ನು ಸರಿಸುವುದೂ ಈಮಾನ್‌ನ ಒಂದು ಭಾಗವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಯೂನಾನಿ ವೈದ್ಯದಲ್ಲೂ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ಮೊದಲನೆಯದು ಸುತ್ತಲಿನ ಗಾಳಿ. ಆಹಾರ, ನಿದ್ದೆ ಎಲ್ಲ ಅದರ ನಂತರ.

"ಪೊಲ್ಯೂಷನ್ ಸರ್ಟಿಫಿಕೇಟ್ ಸಿಕ್ಕಿದೆಯಲ್ಲ" ಎನ್ನುವವರಿದ್ದಾರೆ. ಆ ತಪಾಸಣೆಯಲ್ಲಿ ಡೀಸೆಲ್ ಕಾರಿನ ಹೊಗೆ ಎಷ್ಟು ದಟ್ಟ ಎಂದಷ್ಟೇ ನೋಡುತ್ತಾರೆ, ನೈಟ್ರೋಜನ್ ಆಕ್ಸೈಡ್ ಅಳೆಯುವುದಿಲ್ಲ. ಹಾಗಾಗಿ ಇಜಿಆರ್ ಮುಚ್ಚಿದ ಕಾರೂ ಪಾಸಾಗಬಹುದು. ಕಾನೂನು ಮಾತ್ರ ಬೇರೆ ಹೇಳುತ್ತದೆ: 2019ರ ತಿದ್ದುಪಡಿಯ ಪ್ರಕಾರ ವಾಹನದಲ್ಲಿ ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಬ್ಲಾಕ್ ಆದದ್ದಕ್ಕೆ ಕಾರಣ ಹುಡುಕಿಸಿ. ಇಂಜಿನ್ ಆಯಿಲ್ ಸುಡುತ್ತಿದ್ದರೆ, ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ದರೆ ಕನ್ವರ್ಟರ್ ಕೆಡುತ್ತದೆ. ಅದನ್ನು ಸರಿಪಡಿಸದೆ ಹೊಸದು ಹಾಕಿದರೂ ಉಳಿಯದು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರನ್ನು ಊರೊಳಗೆ ಮಾತ್ರ ಓಡಿಸಿದರೆ ಡಿಪಿಎಫ್ ದೀಪ ಹೊತ್ತುವುದು ಸಾಮಾನ್ಯ. ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸದೆ ಓಡಿಸಿದರೆ ಹಲವು ಸಲ ಮಸಿ ತಾನೇ ಸುಟ್ಟುಹೋಗುತ್ತದೆ. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಾಡುವವರು ಡೀಸೆಲ್ ಕಾರು ಕೊಳ್ಳದಿರುವುದೇ ಲೇಸು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರನ್ನು ರ‍್ಯಾಂಪಿಗೆ ಏರಿಸಿ, ಕನ್ವರ್ಟರ್ ಇರಬೇಕಾದ ಜಾಗದಲ್ಲಿ ಬರೀ ಪೈಪ್ ಇದೆಯೇ ಎಂದು ಕಣ್ಣಾರೆ ನೋಡಿಯೇ ಮುಂಗಡ ಕೊಡಿ.