ಬೆಂಗಳೂರಿಗೆ ಬರಣಿ ಹೋಗುತ್ತೆ, ಸೊಲ್ಲಾಪುರಕ್ಕೆ ಹೋಗಲ್ಲ!

ಲಚ್ಯಾಣ ಅಂದ ಕೂಡಲೇ ನಿಮಗೆ 2024ರ ಏಪ್ರಿಲ್ ನೆನಪಾಗುತ್ತೆ. ಕೊಳವೆ ಬಾವಿಗೆ ಬಿದ್ದ ಮಗು ಜೀವಂತವಾಗಿ ಮೇಲೆ ಬಂದ ಊರು ಅದು. ಇವತ್ತು ಅದೇ ಊರಿನ ಲಿಂಬೆಹಣ್ಣಿನ ಮಾತು.

ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ. ಹಸಿ ಲಿಂಬೆಗೆ ಜಿಎಸ್‌ಟಿ ಇಲ್ಲ. ಆದರೆ ಅದೇ ಹಣ್ಣಿಗೆ ಉಪ್ಪು, ಖಾರ ಬಿದ್ದು ಬರಣಿ ಸೇರಿತೋ, ತೆರಿಗೆ ಬಂತು! ಲಚ್ಯಾಣದ ಒಬ್ಬ ಅಕ್ಕ ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುತ್ತಾರೆ ಅಂದುಕೊಳ್ಳಿ. ಸಂತೆಯಲ್ಲಿ ಮಾರಿದರೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಆದರೆ ಶಾಪಿಂಗ್ ಆ್ಯಪ್‌ನಲ್ಲಿ ಮಾರಬೇಕು ಅಂದರೆ? 2017ರಿಂದ ಇದ್ದ ಕಾನೂನು ಹೇಳಿದ್ದು: ಒಂದೇ ಬರಣಿ ಮಾರಿದರೂ ನೋಂದಣಿ ಕಡ್ಡಾಯ. ನೋಂದಣಿ ಆದಮೇಲೆ ವ್ಯಾಪಾರ ಆಗಲಿ ಬಿಡಲಿ, ರಿಟರ್ನ್ ಹಾಕಲೇಬೇಕು. ವ್ಯಾಪಾರವೇ ಇಲ್ಲದ ರಿಟರ್ನ್ ತಪ್ಪಿದರೂ ದಿನಕ್ಕೆ 20 ರೂಪಾಯಿ ದಂಡ. ಹೀಗಿದ್ದರೆ ಹಳ್ಳಿಯ ಹೆಣ್ಣುಮಗಳು ಆ್ಯಪ್ ಕಡೆ ತಲೆ ಹಾಕ್ತಾಳಾ ಹೇಳಿ?

2022ರ ಜೂನ್‌ನಲ್ಲಿ ಚಂಡೀಗಢದಲ್ಲಿ ಸೇರಿದ ಜಿಎಸ್‌ಟಿ ಕೌನ್ಸಿಲ್ ಈ ತಾರತಮ್ಯ ತೆಗೆಯಲು ಒಪ್ಪಿತು. ಜಾರಿಯಾಗಿದ್ದು 2023ರ ಅಕ್ಟೋಬರ್ 1ಕ್ಕೆ. ಈಗ ಪ್ಯಾನ್ ಕಾರ್ಡ್ ಇದ್ದರೆ ಸಾಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಮತ್ತು ವಿಳಾಸ ಕೊಟ್ಟರೆ ಒಂದು ಎನ್‌ರೋಲ್‌ಮೆಂಟ್ ನಂಬರ್ ಸಿಗುತ್ತೆ. ಅದನ್ನು ಆ್ಯಪ್‌ನವರಿಗೆ ಕೊಟ್ಟು ವ್ಯಾಪಾರ ಶುರು ಮಾಡಬಹುದು. ರಿಟರ್ನ್ ಇಲ್ಲ. ಆ್ಯಪ್‌ನವರು ಇವರ ದುಡ್ಡಲ್ಲಿ ಜಿಎಸ್‌ಟಿ ಟಿಸಿಎಸ್ ಹಿಡಿಯೋ ಹಾಗೂ ಇಲ್ಲ. ತಿನ್ನೋ ಪದಾರ್ಥ ಆದ್ದರಿಂದ ಆಹಾರ ಸುರಕ್ಷತೆಯ ನೋಂದಣಿ ಮಾತ್ರ ಬೇರೆ ಮಾಡಿಸಬೇಕು.

ಆದರೆ ಒಂದು ಷರತ್ತಿದೆ ನೋಡಿ. ಮಾಲು ರಾಜ್ಯದ ಗಡಿ ದಾಟಬಾರದು. ಲಚ್ಯಾಣದ ಸ್ಟೇಷನ್‌ನಲ್ಲಿ ರೈಲು ಹತ್ತಿದರೆ ಸೊಲ್ಲಾಪುರ ಹತ್ತಿರ. ನೆಂಟರು, ಆಸ್ಪತ್ರೆ, ಬಟ್ಟೆ ಖರೀದಿ, ಎಲ್ಲಕ್ಕೂ ಈ ಕಡೆಯ ಜನ ಅಲ್ಲಿಗೇ ಹೋಗ್ತಾರೆ. ಆದರೆ ಈ ಅಕ್ಕನ ಬರಣಿ 500 ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಹೋಗಬಹುದು, ಪಕ್ಕದ ಸೊಲ್ಲಾಪುರಕ್ಕೆ ಹೋಗುವಂತಿಲ್ಲ! ಅಲ್ಲಿಂದ ಒಂದು ಆರ್ಡರ್ ತೆಗೆದುಕೊಂಡರೂ ಪೂರ್ತಿ ನೋಂದಣಿ, ಮತ್ತದೇ ರಿಟರ್ನ್.

ಯಾಕೆ ಹೀಗೆ? ರಾಜ್ಯ ದಾಟಿದ ಮಾಲಿನ ತೆರಿಗೆ ಐಜಿಎಸ್‌ಟಿ. ಅದರಲ್ಲಿ ಮಾಲು ತಲುಪಿದ ರಾಜ್ಯಕ್ಕೂ ಪಾಲು ಹೋಗಬೇಕು, ಅದಕ್ಕೆ ಲೆಕ್ಕ ಬೇಕು ಅನ್ನೋದು ವಾದ. ಎಂಜಿನಿಯರಿಂಗ್ ಓದಿದ ನನಗೆ ಇದು ಪೂರ್ತಿ ಒಪ್ಪಿಗೆ ಆಗಲ್ಲ. ಯಾವ ಬರಣಿ ಯಾವ ಪಿನ್‌ಕೋಡ್‌ಗೆ ಹೋಯಿತು ಅನ್ನೋದು ಆ್ಯಪ್‌ನ ಕಂಪ್ಯೂಟರ್‌ನಲ್ಲೇ ಇರುತ್ತೆ. ಇಂಥ ಸಣ್ಣ ಮಾರಾಟಗಾರರ ಲೆಕ್ಕವನ್ನು ಆ್ಯಪ್‌ನವರು ಈಗಲೂ ಸರ್ಕಾರಕ್ಕೆ ಕೊಡ್ತಾನೇ ಇದ್ದಾರೆ. ಒಂದು ಮಿತಿಯವರೆಗೆ ಗಡಿ ದಾಟೋಕೂ ಬಿಡಿ ಅಂತ ನಮ್ಮ ರಾಜ್ಯವೇ ಕೌನ್ಸಿಲ್‌ನಲ್ಲಿ ಕೇಳಬಹುದಲ್ಲ? ಇಂಡಿಯಿಂದ ಬೀದರ್‌ವರೆಗೆ ಗಡಿಗುಂಟ ಇರುವ ಎಲ್ಲ ತಾಲ್ಲೂಕಿನವರ ಪ್ರಶ್ನೆ ಇದು.